ಸಮಯ ಗೊತ್ತು, ತೋರಿಸಲು ಬೆಳಕಿಲ್ಲ

ಹಳೆಯ ಡಿಜಿಟಲ್ ಟಿ.ವಿ. ರೆಕಾರ್ಡರ್‌ನ ಹಸಿರು ಅಂಕಿಗಳು ಮಂಕಾಗಿವೆಯೇ? ಗುಜರಿಗೆ ಹಾಕುವ ಮುನ್ನ ಸ್ವಲ್ಪ ತಾಳಿ. ಒಳಗಿನ ಗಡಿಯಾರ ನೆಟ್ಟಗೇ ನಡೆಯುತ್ತಿದೆ. ಸೊರಗಿರುವುದು ಅದನ್ನು ತೋರಿಸುವ ಗಾಜಿನ ನಳಿಗೆಯೋ, ಅದರ ಬೆನ್ನಿಗಿರುವ ಪುಡಿಗಾಸಿನ ಕಂಡೆನ್ಸರೋ? ಆ ಪತ್ತೆದಾರಿಕೆಯಲ್ಲೇ ರಿಪೇರಿಯ ಮುಕ್ಕಾಲು ಭಾಗ ಮುಗಿಯುತ್ತದೆ!

ಮಾರ್ಚ್ ತಿಂಗಳ ಕೊನೆಯ ಭಾನುವಾರ. ಬ್ರಿಟನ್ನಿನ ಮನೆಯೊಂದರ ನಡುಕೋಣೆ. ದೀಪಗಳೆಲ್ಲ ಆರಿವೆ. ಟಿ.ವಿ. ಕೆಳಗಿನ ಕಪಾಟಿನಲ್ಲಿ ಹಳೆಯ ರೆಕಾರ್ಡರ್ ಸ್ಟ್ಯಾಂಡ್‌ಬೈನಲ್ಲಿ ಮಲಗಿದೆ. ಅದರ ಮುಖದ ಮೇಲೆ 00:59. ಆ ನಿಮಿಷ ಮುಗಿಯಿತು. ಮೂಡಿದ್ದು 01:00 ಅಲ್ಲ, 02:00.

ಯಾರೂ ಗುಂಡಿ ಒತ್ತಲಿಲ್ಲ. ಅಡುಗೆಮನೆಯ ಓವನ್ನು, ಗೋಡೆಯ ಗಡಿಯಾರ, ಕಾರಿನ ಗಡಿಯಾರ, ಎಲ್ಲವೂ ಬೆಳಿಗ್ಗೆ ಮನೆಯವರ ಕೈಗಾಗಿ ಕಾಯಬೇಕು. ಈ ಪೆಟ್ಟಿಗೆಗೆ ಆ ಹಂಗಿಲ್ಲ, ಬೇಸಿಗೆಯ ಗಂಟೆ ತಾನಾಗಿ ಬಂತು. ಆದರೆ ಅದನ್ನು ಓದಬೇಕಾದರೆ ಮೊಣಕಾಲೂರಿ, ಅಂಗೈ ಮರೆಮಾಡಿ, ಕಣ್ಣು ಕಿರಿದಾಗಿಸಿ ನೋಡಬೇಕು. ಅಂಕಿಗಳು ಅಷ್ಟು ಮಂಕು.

ಆ ದೇಶದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಆ ಭಾನುವಾರ ಇನ್ನೊಂದು ಬಗೆಯ ಗಲಿಬಿಲಿ. "ಇದೇನೋ, ಇಷ್ಟು ಬೇಗ ಫೋನು? ನಾನಿನ್ನೂ ಊಟಕ್ಕೇ ಕೂತಿಲ್ಲ" ಎಂದು ಮೈಸೂರಿನಿಂದ ಅಮ್ಮ. "ನಮ್ಮಲ್ಲಿ ಗಂಟೆ ಮುಂದೆ ಹೋಯ್ತಮ್ಮ, ಇನ್ನು ಅಕ್ಟೋಬರ್‌ವರೆಗೂ ಹೀಗೇ" ಎಂದು ಅಲ್ಲಿಂದ ಮಗ. ಐದೂವರೆ ಗಂಟೆಯ ಅಂತರ ರಾತ್ರಿ ಬೆಳಗಾಗುವುದರೊಳಗೆ ನಾಲ್ಕೂವರೆಯಾಗಿರುತ್ತದೆ.

ಈ ಉಪದ್ವ್ಯಾಪಕ್ಕೆ ಬ್ರಿಟನ್ನಿನಲ್ಲಿ ನಾಂದಿ ಹಾಡಿದವನು ವಿಲಿಯಂ ವಿಲೆಟ್ ಎಂಬ ಮನೆ ಕಟ್ಟಿಸುವ ಗುತ್ತಿಗೆದಾರ. ಜನ ಬೇಸಿಗೆಯ ಬೆಳಗನ್ನು ನಿದ್ದೆಯಲ್ಲಿ ಪೋಲು ಮಾಡುತ್ತಾರೆಂದು ಸಿಟ್ಟಾಗಿ 1907ರಲ್ಲಿ ಕಿರುಹೊತ್ತಗೆ ಅಚ್ಚು ಹಾಕಿಸಿದ. ಬೇಸಿಗೆಗೆ ಗಡಿಯಾರ ಮುಂದಿಡುವ ಕಾನೂನು 1916ರಲ್ಲಿ ಬಂತು. ಅಷ್ಟರಲ್ಲಿ ವಿಲೆಟ್ ತೀರಿಕೊಂಡಿದ್ದ. ಭಾರತವೂ ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿತ್ತು.

ಇರಲಿ, ನಮಗೆ ಬೇಕಾದದ್ದು ಆ ಮಂಕಾದ ಅಂಕಿಗಳು.

ಕೇಳಿ ತಿಳಿಯುವ ಗಡಿಯಾರ

ಮನೆಯಲ್ಲಿ ಕಾರ್ಯಕ್ರಮ ಮುದ್ರಿಸಿಕೊಳ್ಳುವ ಯಂತ್ರಕ್ಕೆ ಗಡಿಯಾರ ಅಲಂಕಾರವಲ್ಲ. ಫಿಲಿಪ್ಸ್ ಕಂಪನಿ 1972ರಲ್ಲಿ ತಂದ ಎನ್1500 ಎಂಬ ವಿಡಿಯೊ ರೆಕಾರ್ಡರ್‌ನಲ್ಲೇ ಟ್ಯೂನರ್ ಜತೆಗೆ ಟೈಮರ್ ಕೂಡ ಇತ್ತು. ಯಾರೂ ಇಲ್ಲದ ಹೊತ್ತಲ್ಲಿ ತಾನೇ ಎದ್ದು ಮುದ್ರಿಸಬೇಕಾದ ಯಂತ್ರಕ್ಕೆ ಗಂಟೆ ಎಷ್ಟೆಂದು ಗೊತ್ತಿರಬೇಕಲ್ಲ.

ಟೇಪಿನ ಕಾಲದಲ್ಲಿ ಆ ಗಂಟೆಯನ್ನು ನಾವೇ ಹೇಳಿಕೊಡಬೇಕಿತ್ತು. ನಮ್ಮಲ್ಲಿ ವಿ.ಸಿ.ಆರ್. ಕಂಡ ಮನೆಗಳಿಗೆ ಮಿಣುಕುವ 12:00 ಚಿರಪರಿಚಿತ. ಕರೆಂಟು ಹೋಗಿ ಬಂತೆಂದರೆ ಗಡಿಯಾರ ಮತ್ತೆ ಹನ್ನೆರಡಕ್ಕೆ. ಕೆ.ಇ.ಬಿ.ಯ ಲೋಡ್‌ಶೆಡ್ಡಿಂಗ್ ದಿನಗಳಲ್ಲಿ ಅದನ್ನು ಸರಿಪಡಿಸುತ್ತಾ ಕೂರುವ ತಾಳ್ಮೆ ಯಾರಿಗಿತ್ತು? ಹನ್ನೆರಡು ಮಿಣುಕುತ್ತಲೇ ಇತ್ತು, ಮನೆಮಂದಿ ಬಾಡಿಗೆ ಕ್ಯಾಸೆಟ್ ನೋಡುತ್ತಲೇ ಇದ್ದರು.

ಹಾರ್ಡ್‌ಡಿಸ್ಕ್ ಇರುವ ರೆಕಾರ್ಡರ್‌ಗಳು ಈ ಕಷ್ಟವನ್ನು ಕಳೆದವು. ಅಮೆರಿಕದಲ್ಲಿ ಟಿವೊ 1999ರ ಮಾರ್ಚ್ 31ರಂದು ಮಾರುಕಟ್ಟೆಗೆ ಬಂತು. ಬ್ರಿಟನ್ನಿನಲ್ಲಿ 2002ರ ಅಕ್ಟೋಬರ್ 30ರಂದು ಫ್ರೀವ್ಯೂ ಎಂಬ ಉಚಿತ ಡಿಜಿಟಲ್ ಪ್ರಸಾರ ಶುರುವಾದ ಮೇಲೆ ಆಂಟೆನಾದಿಂದಲೇ ಡಿಜಿಟಲ್ ಚಾನೆಲ್ ಹಿಡಿದು ಮುದ್ರಿಸುವ ಪೆಟ್ಟಿಗೆಗಳು ಮನೆಮನೆ ಹೊಕ್ಕವು. ಭಾರತದಲ್ಲಿ ಟಾಟಾ ಸ್ಕೈ ಪ್ಲಸ್ ಬಂದದ್ದು 2008ರಲ್ಲಿ. ಡಿಜಿಟಲ್ ಪ್ರಸಾರ ಹಿಡಿಯುವ ಇಂಥ ಪೆಟ್ಟಿಗೆಗಳು ಗಂಟೆಯನ್ನು ಪ್ರಸಾರದ ಅಲೆಯಿಂದಲೇ ಕೇಳಿ ತಿಳಿಯುತ್ತವೆ.

ಹಾಗಾಗಿಯೇ ಅವುಗಳ ಗಡಿಯಾರ "ಕೆಟ್ಟಿದೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಕಿಟ್ಟ ಧಾರಾವಾಹಿ ಸರಿಯಾದ ನಿಮಿಷಕ್ಕೆ ಮುದ್ರಣವಾಗುತ್ತಿದೆ ಎಂದಾದರೆ ಗಡಿಯಾರ ಗಟ್ಟಿಮುಟ್ಟಾಗಿದೆ. ರೋಗ ಮುಖದ್ದು.

---

▌ಬಾಕ್ಸ್: ಐದು ಬೈಟುಗಳ ಪಂಚಾಂಗ

ಡಿವಿಬಿ ಪದ್ಧತಿಯ ಡಿಜಿಟಲ್ ಪ್ರಸಾರದಲ್ಲಿ ಚಿತ್ರ, ಧ್ವನಿಗಳ ನಡುವೆ ಕನಿಷ್ಠ 30 ಸೆಕೆಂಡಿಗೊಮ್ಮೆ ದಿನ ಮತ್ತು ಸಮಯ ಹರಿದು ಬರುತ್ತದೆ. ಅದರ ಗಾತ್ರ ಬರೀ ಐದು ಬೈಟು. ಬರುವುದು ಜಾಗತಿಕ ಸಮಯ. ಬೇಸಿಗೆಯಲ್ಲಿ ಎಷ್ಟು ಕೂಡಿಸಬೇಕೆಂಬ ಸೂಚನೆ ಜತೆಗೇ ಬೇರೆಯಾಗಿ ಬರುತ್ತದೆ.

ದಿನದ ಲೆಕ್ಕ ಶುರುವಾಗುವುದು 1858ರ ನವೆಂಬರ್ 17ರಿಂದ. ಖಗೋಳಶಾಸ್ತ್ರಜ್ಞರ ದಿನಗಣನೆಯದು. (ಕಂಪನಿ ಸರ್ಕಾರ ಹೋಗಿ ಭಾರತಕ್ಕೆ ರಾಣಿಯ ಆಡಳಿತ ಬಂತೆಂಬ ಘೋಷಣೆ ಹೊರಟದ್ದು ಅದೇ ತಿಂಗಳ 1ನೇ ತಾರೀಖು.)

ದಿನಕ್ಕೆ ಮೀಸಲಿಟ್ಟ ಜಾಗ 16 ಬಿಟ್. ಅದರಲ್ಲಿ 65,535ರವರೆಗೆ ಎಣಿಸಬಹುದು. 2038ರ ಏಪ್ರಿಲ್ 22ಕ್ಕೆ ಆ ಜಾಗ ತುಂಬುತ್ತದೆ!

---

ಹಸಿರು ಬೆಳಕಿನ ಗುಟ್ಟು

ಈ ಪೆಟ್ಟಿಗೆಗಳ ಮುಖದಲ್ಲಿ ಹೊಳೆಯುವ ನೀಲಿಹಸಿರು ಅಂಕಿ ಎಲ್‌ಇಡಿಯದ್ದಲ್ಲ. ಅದು ವ್ಯಾಕ್ಯೂಮ್ ಫ್ಲೋರೆಸೆಂಟ್ ಡಿಸ್‌ಪ್ಲೇ, ಚಿಕ್ಕದಾಗಿ ವಿಎಫ್‌ಡಿ. ಒಳಗಿನ ಗಾಳಿಯನ್ನು ಪೂರ್ತಿ ಹೀರಿ ಮುಚ್ಚಿದ ಚಪ್ಪಟೆ ಗಾಜಿನ ಪೆಟ್ಟಿಗೆ. ಹಳೆಯ ವಾಲ್ವ್ ರೇಡಿಯೊ ನೆನಪಿದ್ದವರಿಗೆ ಇದು ದೂರದ ನೆಂಟನಲ್ಲ, ಖಾಸಾ ದಾಯಾದಿ. ಜಾಲಹಳ್ಳಿಯ ಬಿ.ಇ.ಎಲ್. 1961ರಿಂದ ತಯಾರಿಸತೊಡಗಿದ ರೇಡಿಯೊ ವಾಲ್ವ್‌ಗಳ ತತ್ವವೇ ಇಲ್ಲಿಯೂ.

ಗಾಜಿನ ಹಿಂದೆ ಕೂದಲಿಗಿಂತ ಸಣ್ಣ ತಂತಿಗಳು ಅಡ್ಡಡ್ಡ ಬಿಗಿದಿರುತ್ತವೆ. ಟಂಗ್‌ಸ್ಟನ್ ತಂತಿ, ಮೇಲೆ ಬೇರಿಯಂ ಮುಂತಾದ ಆಕ್ಸೈಡುಗಳ ಲೇಪ. ಕರೆಂಟು ಹರಿದಾಗ ಅದು ಸುಮಾರು 650 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಕಣ್ಣಿಗೆ ಕಾಣುವಷ್ಟು ಕೆಂಪಾಗದೆಯೇ ಎಲೆಕ್ಟ್ರಾನುಗಳನ್ನು ಚಿಮ್ಮಿಸುತ್ತದೆ. ನಡುವೆ ಒಂದು ನವಿರಾದ ಲೋಹದ ಜಾಲರಿ: ಯಾವ ಅಂಕಿ ಬೆಳಗಬೇಕೋ ಅದರತ್ತ ಮಾತ್ರ ದಾರಿ ಬಿಡುವ ಕಾವಲುಗಾರ. ಕೊನೆಯಲ್ಲಿ ಸತುವಿನ ಆಕ್ಸೈಡ್ ಬಳಿದ ಗೆರೆಗಳು. ಎಲೆಕ್ಟ್ರಾನು ಬಡಿದಲ್ಲಿ ಬೆಳಕು.

ಆ ಬೆಳಕಿನ ತರಂಗಾಂತರ ಹೆಚ್ಚುಕಡಿಮೆ 505 ನ್ಯಾನೊಮೀಟರ್. ಕತ್ತಲಿಗೆ ಹೊಂದಿಕೊಂಡ ಮನುಷ್ಯನ ಕಣ್ಣು ಅತಿ ಚುರುಕಾಗಿ ಗ್ರಹಿಸುವುದು 507ರ ಆಸುಪಾಸಿನಲ್ಲಿ. ಬೇಕೆಂದೇ ಹುಡುಕಿದರೂ ಇಂಥ ಜೋಡಿ ಸಿಗುವುದು ಕಷ್ಟ. ರಾತ್ರಿ ನೀರು ಕುಡಿಯಲು ಎದ್ದವರಿಗೆ ಅದು ಕೋಣೆಯ ಆ ಬದಿಯಿಂದಲೂ ಢಾಳಾಗಿ ಕಾಣುತ್ತಿದ್ದುದು ಇದಕ್ಕೇ.

ಇದನ್ನು ಅಂಕಿ ತೋರಿಸಲು ಬಳಕೆಗೆ ತಂದವರು ಜಪಾನಿನ ತದಾಶಿ ನಕಾಮುರಾ. ಅವರು 1966ರಲ್ಲಿ ಇಸೆ ಎಲೆಕ್ಟ್ರಾನಿಕ್ಸ್ ಕಂಪನಿ ಕಟ್ಟಿದರು. ಆಗ ಅಂಕಿ ತೋರಿಸಲು ಇದ್ದ ನಿಕ್ಸಿ ಟ್ಯೂಬುಗಳು ಸುಮಾರು 170 ವೋಲ್ಟ್ ಕೇಳುತ್ತಿದ್ದವು. ನಕಾಮುರಾ ಅವರ ಟ್ಯೂಬಿಗೆ ಅದರ ಸಣ್ಣ ಪಾಲು ಸಾಕು. ಮೊದಲು ಕ್ಯಾಲ್ಕುಲೇಟರುಗಳಿಗೆ ಹೊಕ್ಕಿತು. ಆಮೇಲೆ ವಿ.ಸಿ.ಆರ್., ಮೈಕ್ರೊವೇವ್, ಕಾರಿನ ಸ್ಟೀರಿಯೊ, ಡಿ.ವಿ.ಡಿ. ಪ್ಲೇಯರ್. ನಮ್ಮ ಮನೆಗಳ ಹಳೆಯ ಮ್ಯೂಸಿಕ್ ಸಿಸ್ಟಮ್‌ಗಳಲ್ಲಿ ಕುಣಿಯುತ್ತಿದ್ದ ಗೆರೆಗಳಲ್ಲೂ ಇದೇ ಬೆಳಕು.

ಮೊದಲು ಸೊರಗುವುದೇಕೆ?

ರೆಕಾರ್ಡರ್‌ನ ಹಾರ್ಡ್‌ಡಿಸ್ಕ್ ದಿನಕ್ಕೆ ಕೆಲವು ಗಂಟೆ ತಿರುಗೀತು. ಟ್ಯೂನರ್ ಬೇಕಾದಾಗ ಏಳುತ್ತದೆ. ಗಡಿಯಾರದ ಮುಖಕ್ಕೆ ಮಾತ್ರ ರಜೆಯಿಲ್ಲ. ವರ್ಷಕ್ಕೆ 8,760 ಗಂಟೆ, ಹತ್ತು ವರ್ಷಕ್ಕೆ 87,600 ಗಂಟೆ. ನಾವು "ಆಫ್" ಮಾಡಿದ್ದೇವೆಂದು ಭಾವಿಸಿ ಮಲಗಿದ ರಾತ್ರಿಗಳಲ್ಲೂ ತಂತಿ ಕಾಯುತ್ತಲೇ ಇರುತ್ತದೆ, ಲೇಪ ಸವೆಯುತ್ತಲೇ ಇರುತ್ತದೆ.

ಸವೆದದ್ದು ಟ್ಯೂಬೇ ಹೌದೋ ಅಲ್ಲವೋ ಎಂದು ತಿಳಿಯಲು ಒಂದು ಚೆಂದದ ಪರೀಕ್ಷೆ ಇದೆ. ಪೆಟ್ಟಿಗೆ ಬಿಚ್ಚಬೇಕಿಲ್ಲ, ಮೀಟರೂ ಬೇಡ. ರಾತ್ರಿ ಎಂಟಾಗುವುದನ್ನು ಕಾಯಿರಿ.

24 ಗಂಟೆಯ ಗಡಿಯಾರದಲ್ಲಿ ಮೊದಲ ಅಂಕಿ 0, 1, 2 ಬಿಟ್ಟು ಬೇರೆ ಆಗಲಾರದು. ಏಳು ಗೆರೆಗಳ ಅಂಕಿಯಲ್ಲಿ 0 ಬರೆಯಲು ನಡುವಿನ ಅಡ್ಡಗೆರೆ ಬೇಡ. 1ಕ್ಕೂ ಬೇಡ. ಅದು ಬೆಳಗುವುದು 2 ಬಂದಾಗ ಮಾತ್ರ, ಅಂದರೆ ರಾತ್ರಿ ಎಂಟರಿಂದ ಹನ್ನೆರಡರವರೆಗೆ. ಅದೇ ಅಂಕಿಯ ಬಲಮೇಲಿನ ನೇರಗೆರೆಗೆ ಮೂರು ಅಂಕಿಗಳಲ್ಲೂ ಪಾತ್ರ, ಬಿಡುವೇ ಇಲ್ಲ. ಹತ್ತು ವರ್ಷದಲ್ಲಿ ಒಬ್ಬನ ದುಡಿಮೆ 14,600 ಗಂಟೆ, ಪಕ್ಕದವನದು 87,600.

ರಾತ್ರಿ ಎಂಟಕ್ಕೆ 20:00 ಮೂಡಿದಾಗ ಮೊದಲ ಅಂಕಿಯ ನಡುಗೆರೆ ಮಿಕ್ಕವುಗಳಿಗಿಂತ ಎದ್ದು ಹೊಳೆದರೆ ಸವೆದಿರುವುದು ಟ್ಯೂಬಿನ ಗೆರೆಗಳ ಮೇಲಿನ ಲೇಪ. ಅಪರೂಪಕ್ಕೆ ಬೆಳಗುವ ರೆಕಾರ್ಡಿಂಗ್ ಚಿಹ್ನೆ ಹೊಚ್ಚಹೊಸದರಂತೆ ಕಂಡರೂ ಅದೇ ತೀರ್ಪು. ಬದಲಿಗೆ ಗೆರೆ, ಚಿಹ್ನೆ, ಅಕ್ಷರ ಎಲ್ಲವೂ ಒಂದೇ ಸಮನೆ ಮಂಕಾಗಿದ್ದರೆ ಖುಷಿಪಡಿ. ಬಹುಶಃ ಟ್ಯೂಬಿಗೆ ಊಟ ಸಾಲುತ್ತಿಲ್ಲ, ಅಷ್ಟೇ.

ಬೆನ್ನಿಗಿರುವ ಕಂಡೆನ್ಸರ್

ವಿಎಫ್‌ಡಿಗೆ ಎರಡು ಬಗೆಯ ಊಟ ಬೇಕು. ತಂತಿ ಕಾಯಲು ಕೆಲವೇ ವೋಲ್ಟಿನ ಎ.ಸಿ., ಎಲೆಕ್ಟ್ರಾನು ಸೆಳೆಯಲು ಹಲವು ಪೆಟ್ಟಿಗೆಗಳಲ್ಲಿ ಮೈನಸ್ 24ರ ಆಸುಪಾಸಿನ ಡಿ.ಸಿ. ಎರಡನ್ನೂ ಒದಗಿಸುವುದು ಪವರ್ ಸಪ್ಲೈ ಬೋರ್ಡು, ಇಲ್ಲವೇ ಡಿಸ್‌ಪ್ಲೇ ಬೋರ್ಡಿನ ಮೇಲೇ ಇರುವ ಪುಟ್ಟ ಕನ್ವರ್ಟರು.

ಅಲ್ಲಿ ಕೂತಿರುತ್ತದೆ ಎಲೆಕ್ಟ್ರೊಲಿಟಿಕ್ ಕಂಡೆನ್ಸರ್. ಕಾರ್ಪೊರೇಷನ್ ನೀರು ಬಿಟ್ಟುಬಿಟ್ಟು ಬಂದರೂ ನಲ್ಲಿಯಲ್ಲಿ ಸಮನಾಗಿ ಸುರಿಯುವಂತೆ ಮಾಡುವ ಮಾಳಿಗೆಯ ಟ್ಯಾಂಕಿನ ಕೆಲಸ ಅದರದ್ದು. ಒಳಗೆ ತೇವದ ರಾಸಾಯನಿಕ ಇರುತ್ತದೆ. ಶಾಖಕ್ಕೆ ಅದು ಮೆಲ್ಲಗೆ ಒಣಗುತ್ತದೆ. ಒಣಗಿದಂತೆಲ್ಲ ಒಳತಡೆ ಏರಿ, ಸಿಗಬೇಕಾದ ವೋಲ್ಟೇಜು ಇಳಿದು, ಅಂಕಿ ಮಂಕಾಗುತ್ತದೆ.

ಎಷ್ಟು ದಿನಕ್ಕೆ? ಇಲ್ಲೊಂದು ಹೆಬ್ಬೆರಳ ಲೆಕ್ಕವಿದೆ: ಉಷ್ಣತೆ 10 ಡಿಗ್ರಿ ಏರಿದರೆ ಆಯುಷ್ಯ ಅರ್ಧ, 10 ಡಿಗ್ರಿ ಇಳಿದರೆ ದುಪ್ಪಟ್ಟು. ಮೈಮೇಲೆ 105 ಡಿಗ್ರಿ ಎಂದು ಬರೆದ, 2,000 ಗಂಟೆಯ ಮಾಮೂಲಿ ಕಂಡೆನ್ಸರ್ 65 ಡಿಗ್ರಿಯಲ್ಲಿ 32,000 ಗಂಟೆ ಬಾಳಬೇಕು. ಬಿಡುವಿಲ್ಲದೆ ದುಡಿದರೆ ಅದು ನಾಲ್ಕು ವರ್ಷವೂ ಆಗುವುದಿಲ್ಲ. ಅದೇ 55 ಡಿಗ್ರಿಯಲ್ಲಿಟ್ಟರೆ ಏಳು ವರ್ಷ ದಾಟುತ್ತದೆ. ರೆಕಾರ್ಡರ್ ಮೇಲೆ ಡಿ.ವಿ.ಡಿ. ಪ್ಲೇಯರ್, ಅದರ ಮೇಲೊಂದು ಕಸೂತಿ ಹಾಕಿದ ಬಟ್ಟೆ, ಅದರ ಮೇಲೆ ಗಣಪತಿ: ಈ ಜೋಡಣೆಯಲ್ಲಿ ಗಾಳಿಕಿಂಡಿ ಮುಚ್ಚಿದ ಪಾಪ ಯಾರಿಗೆ ತಟ್ಟುತ್ತದೆಂದು ಈಗ ಗೊತ್ತಾಯಿತಲ್ಲ!

ಕೆಟ್ಟ ಕಂಡೆನ್ಸರ್ ಕೆಲವೊಮ್ಮೆ ತಲೆ ಉಬ್ಬಿಸಿಕೊಂಡು ತಾನೇ ಸಿಕ್ಕಿಬೀಳುತ್ತದೆ. ಹಲವು ಸಲ ನೋಡಲು ಠಾಕುಠೀಕಾಗಿರುತ್ತದೆ. ಮಲ್ಟಿಮೀಟರಿನಲ್ಲಿ ಧಾರಣೆ ಅಳೆದರೆ ಸರಿಯಾಗಿಯೇ ತೋರಿಸಬಹುದು. ಒಳತಡೆ ಅಳೆಯುವ ಇಎಸ್‌ಆರ್ ಮೀಟರ್ ಇದ್ದರೆ ಮಾತ್ರ ಬಣ್ಣ ಬಯಲು. ಅದಿಲ್ಲದ ಬೀದಿಬದಿಯ ಮೆಕ್ಯಾನಿಕ್ ಮಾಡುವ ಉಪಾಯ ಸರಳ. ಅನುಮಾನ ಬಂದದ್ದರ ಕಾಲುಗಳಿಗೆ ಅದೇ ಮೌಲ್ಯದ ಹೊಸತೊಂದನ್ನು ಪ್ಲಸ್ಸು ಮೈನಸ್ಸು ನೋಡಿ ಸಮಾನಾಂತರವಾಗಿ ಬೆಸೆದು, ಆಮೇಲೆ ಸ್ವಿಚ್ ಹಾಕುವುದು. ಅಂಕಿ ಝಗ್ಗನೆ ಬೆಳಗಿದರೆ ಕಳ್ಳ ಸಿಕ್ಕ.

ಹೊಸ ಕಂಡೆನ್ಸರ್ 105 ಡಿಗ್ರಿಯದ್ದೇ ಇರಲಿ, ಕಡಿಮೆ ಇಎಸ್‌ಆರ್‌ನದ್ದಾಗಿರಲಿ. ವೋಲ್ಟೇಜು ಹಳೆಯದರಷ್ಟೇ ಅಥವಾ ತುಸು ಹೆಚ್ಚು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇಂಥವು ಪುಡಿಗಾಸಿಗೆ ಸಿಗುತ್ತವೆ. ಅಲ್ಲಿ ವಾಹನ ನಿಲ್ಲಿಸುವ ಖರ್ಚೇ ಹೆಚ್ಚಾದೀತು.

---

▌ಬಾಕ್ಸ್: ಬಿಚ್ಚುವ ಮುನ್ನ

ಪ್ಲಗ್ ಕಿತ್ತರೂ ಪವರ್ ಸಪ್ಲೈಯ ದೊಡ್ಡ ಕಂಡೆನ್ಸರಿನಲ್ಲಿ 325 ವೋಲ್ಟಿನಷ್ಟು ಡಿ.ಸಿ. ಉಳಿದಿರಬಹುದು. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವುದು ಶೌರ್ಯವಲ್ಲ. ಸರಿಯಾದ ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆ ಕೈ ಹಾಕಿ. ಅಭ್ಯಾಸವಿಲ್ಲದವರು ಈ ಬೋರ್ಡನ್ನು ಗೊತ್ತಿದ್ದವರಿಗೇ ಬಿಡಿ.

ಮುಂಭಾಗದ ಬೋರ್ಡಿಗೆ ಹೋಗುವ ರಿಬ್ಬನ್ ಕೇಬಲನ್ನು ಬಿಚ್ಚಿ ಮತ್ತೆ ಗಟ್ಟಿಯಾಗಿ ಕೂರಿಸಿ. ಒಂದು ಅಂಕಿ ಇದ್ದಕ್ಕಿದ್ದಂತೆ ಕಾಣೆಯಾದ ಎಷ್ಟೋ ಕೇಸುಗಳು ಇಲ್ಲಿಗೇ ಮುಗಿಯುತ್ತವೆ. ಮುಗಿಯದಿದ್ದರೆ ಟ್ಯೂಬಿನ ಪಿನ್ನುಗಳಲ್ಲಿ ಡ್ರೈ ಸೋಲ್ಡರ್ ಹುಡುಕಿ.

---

ಪೂರ್ತಿ ಕತ್ತಲಾದರೆ

ಅಂಕಿಯೇ ಇಲ್ಲ, ಆದರೆ ರೆಕಾರ್ಡರ್ ಕೆಲಸ ಮಾಡುತ್ತಿದೆ. ಆಗ ಟ್ಯೂಬಿನ ಎರಡೂ ತುದಿಯ ಪಿನ್ನುಗಳ ನಡುವೆ ಓಮ್ ಅಳೆಯಬೇಕು. ಸಾಮಾನ್ಯವಾಗಿ ಅಲ್ಲಿರುವುದೇ ತಂತಿಯ ಎರಡು ತುದಿ. ಕೆಲವೇ ಓಮ್ ತೋರಿಸಿದರೆ ತಂತಿ ನೆಟ್ಟಗಿದೆ. ಏನೂ ತೋರಿಸದಿದ್ದರೆ ತುಂಡಾಗಿದೆ, ಕಥೆ ಮುಗಿಯಿತು.

ತಂತಿ ಸರಿಯಿದ್ದು ಬೆಳಕಿಲ್ಲದಿದ್ದರೆ ವೋಲ್ಟೇಜು ನೋಡಬೇಕು. ಇಲ್ಲೊಂದು ಹಳ್ಳವಿದೆ. ತಂತಿಗೆ ಕೊಡುವ ಎ.ಸಿ. ಹಲವು ಪೆಟ್ಟಿಗೆಗಳಲ್ಲಿ ಹತ್ತಾರು ಕಿಲೊಹರ್ಟ್ಸ್‌ನದ್ದು. 50 ಹರ್ಟ್ಸ್‌ಗೆಂದು ಮಾಡಿದ ಅಗ್ಗದ ಮೀಟರ್ ಅಲ್ಲಿ ಸುಳ್ಳು ಹೇಳುತ್ತದೆ. ಅದನ್ನು ನಂಬಿ ಇಲ್ಲದ ರೋಗಕ್ಕೆ ಮದ್ದು ಮಾಡಿ, ಚೆನ್ನಾಗಿದ್ದ ಭಾಗವನ್ನೇ ಕಿತ್ತುಹಾಕಿದವರು ಕಡಿಮೆಯೇನಿಲ್ಲ.

ಬೆಳಗಬಾರದ ಗೆರೆಗಳೂ ಮಸುಕಾಗಿ ಮೂಡುತ್ತಿದ್ದರೆ ಅದು ಬೇರೆ ತಂಟೆ. ಬೆಳಗದ ಗೆರೆಗಳನ್ನು ಪೂರ್ತಿ ಆರಿಸಿಡಲು ತಂತಿಗೆ ಕೊಡುವ ಬಯಾಸ್ ವೋಲ್ಟೇಜು ದಾರಿ ತಪ್ಪಿರುತ್ತದೆ. ಸಾಮಾನ್ಯವಾಗಿ ಒಂದು ಝೀನರ್ ಡಯೋಡು, ಇಲ್ಲವೇ ಮತ್ತದೇ ಕಂಡೆನ್ಸರು.

---

▌ಬಾಕ್ಸ್: ಯುರೋಪು ಆರು ನಿಮಿಷ ಹಿಂದೆ ಬಿದ್ದಾಗ

2018ರ ಜನವರಿ ಮಧ್ಯದಿಂದ ಮಾರ್ಚ್ ಮೊದಲ ವಾರದವರೆಗೆ ಯುರೋಪಿನ 25 ದೇಶಗಳಲ್ಲಿ ಓವನ್, ಮೈಕ್ರೊವೇವ್, ರೇಡಿಯೊ ಅಲಾರಂಗಳ ಗಡಿಯಾರಗಳು ಸುಮಾರು ಆರು ನಿಮಿಷ ನಿಧಾನವಾದವು. ಸೆರ್ಬಿಯಾ ಮತ್ತು ಕೊಸೊವೊ ನಡುವಿನ ವಿದ್ಯುತ್ ಜಗಳದಿಂದ 113 ಗಿಗಾವ್ಯಾಟ್-ಗಂಟೆ ವಿದ್ಯುತ್ತು ಖೋತಾ ಆಗಿ, ಜಾಲದ ಸರಾಸರಿ ಆವರ್ತನ 50ರ ಬದಲು 49.996 ಹರ್ಟ್ಸ್‌ಗೆ ಇಳಿದಿತ್ತು. ಮೇನ್ಸಿನ ಮಿಡಿತ ಎಣಿಸುವ ಗಡಿಯಾರಗಳಷ್ಟೇ ಮೋಸಹೋದವು. ಪ್ರಸಾರದಿಂದ ಗಂಟೆ ಕೇಳುವ ರೆಕಾರ್ಡರ್‌ಗಳಿಗೆ ಈ ಜಗಳದ ಸುದ್ದಿಯೇ ಮುಟ್ಟಲಿಲ್ಲ!

---

ಟ್ಯೂಬೇ ಸವೆದಿದ್ದರೆ

ರಾತ್ರಿ ಎಂಟರ ಪರೀಕ್ಷೆಯಲ್ಲಿ ನಡುಗೆರೆ ಎದ್ದು ಕಂಡಿತು ಎಂದುಕೊಳ್ಳಿ. ಇಲ್ಲಿ ಜಾಣರು ಎರಡು ಗುಂಪು. ಒಂದು ಗುಂಪು ತಂತಿಗೆ ತುಸು ಹೊತ್ತು ಹೆಚ್ಚು ವೋಲ್ಟೇಜು ಕೊಟ್ಟು ಕಾಯಿಸಿ, ಮೇಲ್ಮೈಯ ಕೊಳೆ ಸುಟ್ಟುಹೋಗಿ ಹೊಸ ಹುರುಪು ಬರಲೆಂದು ಕಾಯುತ್ತದೆ.

ಕಪ್ಪುಬಿಳುಪು ಟಿ.ವಿ. ಕಾಲದ ನಮ್ಮ ಮೆಕ್ಯಾನಿಕ್‌ಗಳಿಗೆ ಈ ವಿದ್ಯೆ ಹೊಸದಲ್ಲ. ಪಿಕ್ಚರ್ ಟ್ಯೂಬ್ "ವೀಕ್" ಆಯಿತೆಂದರೆ ಹಿಂದೊಂದು ಬೂಸ್ಟರ್ ಜೋಡಿಸಿ, ಹೀಟರಿಗೆ ಹೆಚ್ಚು ವೋಲ್ಟೇಜು ಕೊಟ್ಟು ಇನ್ನೊಂದಿಷ್ಟು ಕಾಲ ಓಡಿಸುತ್ತಿದ್ದರು. ಮಾಲೀಕರಿಗೂ ಸಮಾಧಾನ, ಟ್ಯೂಬಿಗೂ ಜೀವದಾನ. ವಿಎಫ್‌ಡಿಯ ತಂತಿ ಮಾತ್ರ ಅಷ್ಟು ಗಟ್ಟಿಪಿಂಡವಲ್ಲ. ಹದ ತಪ್ಪಿದರೆ ಪಟ್ಟನೆ ಕಡಿದು, ಮಂಕಾಗಿಯಾದರೂ ಕಾಣುತ್ತಿದ್ದ ಗಂಟೆಯೂ ಹೋಗುತ್ತದೆ. ಅಲ್ಲದೆ ಇಲ್ಲಿ ಸವೆದದ್ದು ಗೆರೆಯ ಮೇಲಿನ ಲೇಪವಾದ್ದರಿಂದ ತಂತಿಯನ್ನು ಎಷ್ಟು ಕಾಯಿಸಿದರೂ ಆ ಲೇಪ ಮರಳಿ ಬರುವುದಿಲ್ಲ. ಈ ಜೂಜು ನನಗೆ ಒಪ್ಪಿಗೆಯಿಲ್ಲ.

ಎರಡನೇ ಗುಂಪು ಇನ್ನೊಂದು ಕೆಟ್ಟ ಪೆಟ್ಟಿಗೆ ಹುಡುಕುತ್ತದೆ. ಹಾರ್ಡ್‌ಡಿಸ್ಕೋ ಟ್ಯೂನರೋ ಹೋಗಿ ಮೂಲೆ ಸೇರಿದ, ಮುಖ ಮಾತ್ರ ಚೆನ್ನಾಗಿರುವ ಅದೇ ಮಾದರಿಯದ್ದು. ಮಾದರಿ ಒಂದೇ ಆಗಿರಬೇಕು, ಏಕೆಂದರೆ ವಿಎಫ್‌ಡಿಗಳನ್ನು ಬಹುಮಟ್ಟಿಗೆ ಆಯಾ ಯಂತ್ರಕ್ಕೆಂದೇ, ಅದರ ಚಿಹ್ನೆಗಳ ಸಮೇತ ಮಾಡಿಸಿರುತ್ತಾರೆ. ಎರಡು ರೆಕಾರ್ಡರ್ ಸೇರಿ ಒಂದಾಗುವ ಈ ಕಸುಬು ಬ್ರಿಟನ್ನಿನಲ್ಲೂ ಇದೆ, ನಮ್ಮಲ್ಲಂತೂ ಮೊದಲಿಂದಲೂ ಇದೆ. ಯುರೋಪಿನವರು ಅದಕ್ಕೆ ಸಮುದಾಯದ ರೂಪ ಕೊಟ್ಟರು. 2009ರ ಅಕ್ಟೋಬರ್ 18ರಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬ ಪತ್ರಕರ್ತೆ ಮೊದಲ "ರಿಪೇರಿ ಕೆಫೆ" ನಡೆಸಿದರು. ಕೆಟ್ಟದ್ದನ್ನು ತಂದು, ಕಾಫಿ ಕುಡಿಯುತ್ತಾ, ಬಲ್ಲವರ ಜತೆ ಕೂತು ಸರಿಮಾಡಿಕೊಳ್ಳುವ ಕೂಟ ಅದು. ಭಾರತ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಜಾಲತಾಣ ತೆರೆಯಿತು. ಹತ್ತಾರು ವರ್ಷದ ಹಿಂದಿನ ಒಂದು ಮಾದರಿಯ ಡಿಸ್‌ಪ್ಲೇ ಅಲ್ಲಿ ಸಿಕ್ಕೀತೆಂದು ಕಾಯುವುದು ಬೇಡ.

ಹೊಸ ಪೆಟ್ಟಿಗೆ ಕೊಂಡರೆ ತೊಂದರೆಯೇ ಇಲ್ಲವಲ್ಲ ಎನ್ನಬಹುದು. ಹೊಸತರಲ್ಲಿ ಬಹುಪಾಲು ಗಡಿಯಾರವೇ ಇರುವುದಿಲ್ಲ. ಒಂದು ಕೆಂಪು ಚುಕ್ಕೆ, ಅಷ್ಟೆ. ಕಾಯುವ ತಂತಿ ವಿದ್ಯುತ್ತು ತಿನ್ನುತ್ತದೆ. ಮಾಹಿತಿ ತೋರಿಸುವ ಮನೆಬಳಕೆಯ ಉಪಕರಣ ಸ್ಟ್ಯಾಂಡ್‌ಬೈನಲ್ಲಿ 1 ವ್ಯಾಟ್ ಮೀರಬಾರದೆಂಬ ಮಿತಿ ಯುರೋಪಿನಲ್ಲಿ 2013ರಲ್ಲಿ ಜಾರಿಗೆ ಬಂತು, 2025ರಲ್ಲಿ ಇನ್ನೂ ಬಿಗಿಯಾಯಿತು. ಲೆಕ್ಕಕ್ಕೆ ಸರಿಯೇ. ಆದರೂ ಟಿ.ವಿ. ಹಾಕದೆ ಗಂಟೆ ನೋಡುವ ಸುಖ ಅಷ್ಟು ವಿದ್ಯುತ್ತಿಗೆ ದುಬಾರಿಯಾಯಿತೆಂದು ನನಗನ್ನಿಸುವುದಿಲ್ಲ.

ಹಳೆಯದನ್ನೇ ಇಟ್ಟುಕೊಂಡವರು ಸೆಟ್ಟಿಂಗ್ಸ್ ಒಳಗೆ ಒಮ್ಮೆ ಇಣುಕಿ. ಸ್ಟ್ಯಾಂಡ್‌ಬೈನಲ್ಲಿ ಡಿಸ್‌ಪ್ಲೇ ಬೆಳಕು ತಗ್ಗಿಸುವ ಅಥವಾ ಆರಿಸುವ ಆಯ್ಕೆ ಹಲವು ಪೆಟ್ಟಿಗೆಗಳಲ್ಲಿದೆ. ಮೇಲಿರುವ ಬಟ್ಟೆ, ಗಣಪತಿಯನ್ನು ಬೇರೆಡೆ ಕೂರಿಸಿ.

ಇನ್ನು ದಾನಿ ಪೆಟ್ಟಿಗೆಯ ಬೇಟೆಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಂಥ ಜಾಗಕ್ಕೆ ಹೋಗುವವರಿಗೆ ಒಂದು ಮಾತು. ಅಲ್ಲಿ ಕರೆಂಟು ಹಾಕಿ ತೋರಿಸಿ ಎಂದರೆ ಯಾರೂ ತೋರಿಸುವುದಿಲ್ಲ. ಗಾಜನ್ನು ಓರೆಯಾಗಿ ಹಿಡಿದು ಒಳಗಿನ ಮೂಲೆಗಳನ್ನು ನೋಡಿ. ನಿರ್ವಾತ ಕಾಯಲೆಂದು ತಯಾರಿಸುವಾಗಲೇ ಹಚ್ಚಿದ ಬೇರಿಯಂನ ಬೊಟ್ಟು ಅಲ್ಲೆಲ್ಲೋ ಇರುತ್ತದೆ. ಅದು ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಚೌಕಾಸಿ ಶುರುಮಾಡಿ. ಹಾಲು ಚೆಲ್ಲಿದಂತೆ ಬಿಳಿಚಿಕೊಂಡಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಇಪ್ಪತ್ತು ರೂಪಾಯಿಗೆ ಕೊಡುತ್ತೇನೆಂದರೂ ಬೇಡ.